ಉಗ್ಗಿಗೆ ಇನ್ನೂ ಯಾಕೆ ಮಾತ್ರೆ ಬಂದಿಲ್ಲ?

ಗಿರಾಕಿ ರೇಟು ಕೇಳ್ತಾನೆ. ಅಂಗಡಿಯವರಿಗೆ ಉತ್ತರ ಗೊತ್ತು, ಆದರೆ ‘ಇಪ್ಪತ್ತೈದು’ ಅನ್ನುವಷ್ಟರಲ್ಲಿ ಮಾತು ಸಿಕ್ಕಿಕೊಳ್ಳುತ್ತೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಗ್ಗು ಇರುತ್ತದೆ. ಇದಕ್ಕೊಂದು ಮಾತ್ರೆ ಇಲ್ವಾ ಎಂಬ ಪ್ರಶ್ನೆ ಸಹಜ.

ಸದ್ಯಕ್ಕೆ ಇಲ್ಲ. ಉಗ್ಗಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಔಷಧಿಗೂ ಒಪ್ಪಿಗೆ ಕೊಟ್ಟಿಲ್ಲ. ಹಾಗಂತ ಯಾರೂ ಪ್ರಯತ್ನಿಸಿಲ್ಲ ಎಂದಲ್ಲ.

ಅಡ್ಡಪರಿಣಾಮದ ಕಾಟ
ಮಿದುಳಿನ ಡೋಪಮೈನ್ ಎಂಬ ರಾಸಾಯನಿಕದ ಕೆಲಸ ತಗ್ಗಿಸುವ ಹ್ಯಾಲೊಪೆರಿಡಾಲ್ ಕೊಟ್ಟಾಗ ಕೆಲವರಿಗೆ ಉಗ್ಗು ಕಡಿಮೆಯಾಗಿತ್ತು. ಆದರೆ ಮೈ ಬಿಗಿತ, ಕೈನಡುಕ, ಮಂಪರು ಕಾಡಿದ್ದರಿಂದ ಹಲವರು ಮಾತ್ರೆಯನ್ನೇ ಬಿಟ್ಟರು.

ಅಳೆಯೋದೇ ಕಷ್ಟ
ಬಿಪಿ, ಶುಗರ್ ಆದರೆ ಮೀಟರ್ ಹೇಳುತ್ತೆ. ಉಗ್ಗು ಹಾಗಲ್ಲ. ಮನೆಯಲ್ಲಿ ಸಲೀಸಾಗಿ ಮಾತಾಡುವವರು ಫೋನ್ ಎತ್ತಿದರೆ ತಡವರಿಸಬಹುದು, ಹಾಡುವಾಗ ಉಗ್ಗೇ ಬರದಿರಬಹುದು. ಕಷ್ಟದ ಪದ ಬಿಟ್ಟು ಬೇರೆ ಪದ ಹಾಕಿ ಜಾರಿಕೊಳ್ಳುವವರೂ ಇದ್ದಾರೆ. ಆಗ ಲೆಕ್ಕದಲ್ಲಿ ಉಗ್ಗು ಇಳಿಯುತ್ತೆ, ಒಳಗಿನ ಒದ್ದಾಟ ಹಾಗೇ ಇರುತ್ತೆ.

ಖಾಲಿ ಮಾತ್ರೆಯೂ ‘ಕೆಲಸ’ ಮಾಡುತ್ತೆ
ಔಷಧಿ ಪರೀಕ್ಷೆಯಲ್ಲಿ ಕೆಲವರಿಗೆ ಔಷಧಿ ಅಂಶವೇ ಇಲ್ಲದ ಮಾತ್ರೆ ಕೊಡುತ್ತಾರೆ. ನಂಬಿಕೆಯಿಂದಲೇ ಧೈರ್ಯ ಬಂದು ಅವರ ಮಾತೂ ಸುಧಾರಿಸಬಹುದು. ಪ್ಯಾಗೊಕ್ಲೋನ್ ಎಂಬ ಔಷಧಿಯನ್ನು 132 ಮಂದಿಯ ಮೇಲೆ 8 ವಾರ ಪರೀಕ್ಷಿಸಿದ ವರದಿ 2010ರಲ್ಲಿ ಆಸೆ ಹುಟ್ಟಿಸಿತ್ತು. ಮುಂದಿನ ಪರೀಕ್ಷೆಯಲ್ಲಿ ಅದು ಖಾಲಿ ಮಾತ್ರೆಗಿಂತ ಮೇಲು ಎಂದು ಸಾಬೀತಾಗಲಿಲ್ಲ, ಮಾರುಕಟ್ಟೆಗೂ ಬರಲಿಲ್ಲ.

ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕು. ಉಗ್ಗು ಶುರುವಾದ ಹೆಚ್ಚಿನ ಮಕ್ಕಳಿಗೆ ತಾನಾಗಿಯೇ ಸರಿಹೋಗುತ್ತೆ. ಯಾರಿಗೆ ಉಳಿಯುತ್ತದೆ ಎಂದು ಮೊದಲೇ ಖಚಿತವಾಗಿ ಹೇಳಲು ಬರುವುದಿಲ್ಲ. ಹೀಗಿರುವಾಗ ಬೆಳೆಯುವ ಮಗುವಿನ ಮಿದುಳಿಗೆ ಔಷಧಿ ಕೊಟ್ಟು ನೋಡೋದು ಹೇಗೆ?

‘ಗ್ಯಾರಂಟಿ’ ನಂಬಬೇಡಿ
ಉಗ್ಗು ಪೂರ್ತಿ ವಾಸಿ ಎನ್ನುವ ಜಾಹೀರಾತು ಕಂಡರೆ ಒಂದು ವಿಷಯ ನೆನಪಿಡಿ. ಔಷಧ ನಿಯಮಗಳು, 1945ರ ‘ಜೆ’ ಅನುಸೂಚಿಯಲ್ಲಿ ಉಗ್ಗೂ ಸೇರಿದೆ. ಅಂದರೆ, ಇದನ್ನು ವಾಸಿ ಮಾಡುತ್ತೇವೆ ಎಂದು ಔಷಧಿ ಮಾರುವಂತಿಲ್ಲ.

ಈಗೇನು ಮಾಡಬಹುದು?
ಸದ್ಯ ನೆಚ್ಚಬಹುದಾದ ದಾರಿ ಸ್ಪೀಚ್ ಥೆರಪಿ. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ತಪಾಸಣೆ, ಚಿಕಿತ್ಸೆ ಎರಡೂ ಸಿಗುತ್ತವೆ. ಮಗುವಿನ ಉಗ್ಗು ಆರು ತಿಂಗಳಾದರೂ ನಿಲ್ಲದಿದ್ದರೆ ತಜ್ಞರಿಗೆ ತೋರಿಸಿ.

ಎದುರಿಗಿದ್ದವರು ಉಗ್ಗಿದರೆ ಅವರ ಮಾತು ನೀವು ಮುಗಿಸಬೇಡಿ. ಸ್ವಲ್ಪ ಕಾಯಿರಿ, ಅವರೇ ಹೇಳ್ತಾರೆ.