ಫಿಲ್ಲರ್ ಚುಚ್ಚುಮದ್ದು: ಚರ್ಮ ಬಿಳಿಚಿದರೆ ನಾಳೆಗೆ ಕಾಯಬೇಡಿ

ಮೂಗಿನ ಇಕ್ಕೆಲಗಳಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆ, ಗುಳಿಬಿದ್ದ ಕಣ್ಣಡಿ, ತೆಳುವಾದ ತುಟಿ. ಇವುಗಳನ್ನು ತುಂಬಿಸಿಕೊಳ್ಳಲು ಈಗ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಚುಚ್ಚುಮದ್ದು ಸಾಕು. ಚಿತ್ರತಾರೆಯರಿಗಷ್ಟೇ ಸೀಮಿತವಾಗಿದ್ದ ಈ ಚಿಕಿತ್ಸೆ ಮದುವೆಯ ಸಿದ್ಧತೆಗಳ ಪಟ್ಟಿಯಲ್ಲೂ ಸೇರಿಕೊಂಡಿದೆ. ಆದರೆ ಇದು ಮುಖಕ್ಕೆ ಲೇಪನ ಹಚ್ಚಿಕೊಂಡಷ್ಟು ಸರಳವಲ್ಲ.

ಫಿಲ್ಲರ್ ಮತ್ತು ಬೊಟಾಕ್ಸ್ ಒಂದೇ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಬೊಟಾಕ್ಸ್ ಸ್ನಾಯುವಿನ ಬಿಗಿತವನ್ನು ಸಡಿಲಿಸಿದರೆ, ಫಿಲ್ಲರ್ ಹೆಸರೇ ಸೂಚಿಸುವಂತೆ ಚರ್ಮದಡಿಯ ತಗ್ಗನ್ನು ತುಂಬುತ್ತದೆ. 1981ರಲ್ಲಿ ಅಮೆರಿಕದಲ್ಲಿ ಇದಕ್ಕಾಗಿ ಹಸುವಿನ ಚರ್ಮದಿಂದ ತೆಗೆದ ಕೊಲಾಜನ್‌ಗೆ ಅನುಮತಿ ದೊರೆಯಿತು. ಅದು ಅಲರ್ಜಿ ಉಂಟುಮಾಡುತ್ತಿದ್ದುದರಿಂದ ಮೊದಲೇ ಪರೀಕ್ಷೆ ನಡೆಸಬೇಕಾಗುತ್ತಿತ್ತು. 2003ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಹೈಯಲುರಾನಿಕ್ ಆಮ್ಲದ ಫಿಲ್ಲರ್‌ಗೆ ಒಪ್ಪಿಗೆ ನೀಡಿತು. ನಮ್ಮ ಚರ್ಮದಲ್ಲಿ ಸಹಜವಾಗಿಯೇ ಇದ್ದು ನೀರನ್ನು ಹಿಡಿದಿಡುವ ಈ ವಸ್ತುವೇ ಇಂದು ಅತಿ ಹೆಚ್ಚು ಬಳಕೆಯಲ್ಲಿದೆ.

ಚುಚ್ಚಿದ ಜಾಗದಲ್ಲಿ ಕೆಂಪು, ಊತ, ನೀಲಿಗಟ್ಟಿದ ಕಲೆ ಕಾಣಿಸಿಕೊಳ್ಳುವುದು ಸಾಮಾನ್ಯ. ಒಂದೆರಡು ವಾರದಲ್ಲಿ ಇವು ಮಾಯವಾಗುತ್ತವೆ. ಆಸ್ಪಿರಿನ್‌ನಂಥ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಸೇವಿಸುವವರಲ್ಲಿ ಕಲೆಗಳು ಹೆಚ್ಚು. ತುಟಿಯ ಮೇಲೆ ಆಗಾಗ ಹರ್ಪಿಸ್ ಗುಳ್ಳೆ ಏಳುವವರಿಗೆ ಅದು ಮರುಕಳಿಸಬಹುದು. ಕಣ್ಣಡಿಯ ತೆಳು ಚರ್ಮದಲ್ಲಿ ಫಿಲ್ಲರ್ ತೀರಾ ಮೇಲ್ಪದರದಲ್ಲಿ ಉಳಿದರೆ ನಸುನೀಲಿ ಛಾಯೆ ಮೂಡಿ ವಾರಗಟ್ಟಲೆ ಹಾಗೆಯೇ ನಿಲ್ಲುತ್ತದೆ. ಬೆಳಕು ಚದುರುವುದರಿಂದ ಆಗುವ ಈ ತೊಂದರೆಯನ್ನು, 19ನೇ ಶತಮಾನದ ಭೌತವಿಜ್ಞಾನಿ ಜಾನ್ ಟಿಂಡಾಲ್ ಹೆಸರಿನಲ್ಲಿ ಟಿಂಡಾಲ್ ಪರಿಣಾಮ ಎನ್ನುತ್ತಾರೆ. ಕಾಡಿಗೆಯಿಂದ ಮುಚ್ಚುವ ಬದಲು ವೈದ್ಯರಿಗೆ ತೋರಿಸಿದರೆ ಸರಿಪಡಿಸಲು ಸಾಧ್ಯ.

ನಿಜವಾದ ಅಪಾಯ ಬೇರೆಯೇ ಇದೆ. ಮುಖದಲ್ಲಿ ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡಿವೆ. ಸೂಜಿಯ ತುದಿ ಅಪಧಮನಿಯೊಂದನ್ನು ಹೊಕ್ಕು ಫಿಲ್ಲರ್ ಅದರೊಳಗೆ ಸೇರಿದರೆ, ಆ ನಾಳವನ್ನೇ ನಂಬಿದ ಚರ್ಮಕ್ಕೆ ರಕ್ತ ನಿಂತುಹೋಗುತ್ತದೆ. ಅಪರೂಪವಾದರೂ ಇದು ಅನುಭವಿ ವೈದ್ಯರ ಕೈಯಲ್ಲೂ ಘಟಿಸಬಹುದು. ಮೊದಲು ಚರ್ಮ ಬಿಳಿಚಿಕೊಳ್ಳುತ್ತದೆ. ಬಳಿಕ ಬಲೆ ಹೆಣೆದಂತೆ ನೇರಳೆ ಬಣ್ಣ ಹರಡುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಮರಳಿ ಕೆಂಪೇರಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ತೀವ್ರ ನೋವು ಇನ್ನೊಂದು ಲಕ್ಷಣ. ಆದರೆ ಅನೇಕ ಫಿಲ್ಲರ್‌ಗಳಲ್ಲಿ ಅರಿವಳಿಕೆ ಮದ್ದು ಬೆರೆತಿರುವುದರಿಂದ ಆರಂಭದಲ್ಲಿ ನೋವು ತಿಳಿಯದೆಯೂ ಇರಬಹುದು. ನೋವಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಇಲ್ಲಿಯೇ ಬಹುತೇಕರು ಎಡವುವುದು. ಸಾಮಾನ್ಯ ಕಲೆಯೆಂದು ಮಂಜುಗಡ್ಡೆ ಇಟ್ಟುಕೊಂಡು ಮಲಗುತ್ತಾರೆ. ಮಂಜುಗಡ್ಡೆ ನಾಳಗಳನ್ನು ಮತ್ತಷ್ಟು ಸಂಕುಚಿಸುತ್ತದೆ. ಈ ಸ್ಥಿತಿಯಲ್ಲಿ ಬೇಕಿರುವುದು ಹದವಾದ ಬಿಸಿಶಾಖ, ಅದಕ್ಕಿಂತ ಮಿಗಿಲಾಗಿ ಹೈಯಲುರಾನಿಡೇಸ್ ಎಂಬ ಕಿಣ್ವ. ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆ ಮದ್ದು ಚೆನ್ನಾಗಿ ಹರಡಲೆಂದು ವೈದ್ಯರು ಬಹುಕಾಲದಿಂದ ಬಳಸುತ್ತ ಬಂದಿರುವ ಈ ಕಿಣ್ವ, ಹೈಯಲುರಾನಿಕ್ ಆಮ್ಲವನ್ನು ಕರಗಿಸುತ್ತದೆ. ಕೆಲವೇ ಗಂಟೆಗಳೊಳಗೆ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೆ ಚರ್ಮ ಉಳಿಯುವ ಸಾಧ್ಯತೆ ಹೆಚ್ಚು. ತಡವಾದರೆ ಎರಡು ಮೂರು ದಿನಗಳಲ್ಲಿ ಕೀವುಗುಳ್ಳೆಗಳು ಏಳುತ್ತವೆ. ಅದನ್ನು ಬರಿಯ ಸೋಂಕೆಂದು ಬಗೆದು ಮಾತ್ರೆ ನುಂಗಿ ದಿನ ಕಳೆದವರಿದ್ದಾರೆ. ಮುಂದೆ ಚರ್ಮ ಕಪ್ಪಾಗಿ ಸತ್ತು, ಗಾಯ ಮಾಗಿದರೂ ಗುರುತು ಉಳಿಯುತ್ತದೆ.

ಹುಬ್ಬುಗಳ ನಡುವಿನ ಭಾಗ ಮತ್ತು ಮೂಗು ಹೆಚ್ಚು ಅಪಾಯದ ತಾಣಗಳು. ಅಲ್ಲಿನ ನಾಳಗಳು ಕಣ್ಣಿನ ನಾಳಗಳೊಡನೆ ಕೂಡಿಕೊಂಡಿರುವುದರಿಂದ, ಒತ್ತಡದಿಂದ ಹಿಮ್ಮುಖವಾಗಿ ಸಾಗಿದ ಫಿಲ್ಲರ್ ಅಕ್ಷಿಪಟಲದ ರಕ್ತವನ್ನೇ ತಡೆಯಬಲ್ಲದು. ಹಾಗೆ ಕಳೆದುಹೋದ ದೃಷ್ಟಿ ಮರಳುವುದು ವಿರಳ. 2015ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಕುರಿತು ಎಚ್ಚರಿಕೆ ಹೊರಡಿಸಿತ್ತು. ದೃಷ್ಟಿ ಮಂಜಾದರೆ, ಮಾತು ತೊದಲಿದರೆ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಧಾವಿಸಬೇಕು.

ತಿಂಗಳುಗಳ ನಂತರ ಗಟ್ಟಿ ಗಂಟುಗಳು ಕಾಣಿಸಿಕೊಳ್ಳುವುದೂ ಉಂಟು. ದೇಹ ಫಿಲ್ಲರ್ ಅನ್ನು ಹೊರವಸ್ತುವೆಂದು ಎದುರಿಸುವುದು ಅಥವಾ ಅದರ ಸುತ್ತ ರೋಗಾಣುಗಳು ಅಡಗಿ ಕೂರುವುದು ಇದಕ್ಕೆ ಕಾರಣ. 2020ರಲ್ಲಿ ಮಾಡೆರ್ನಾ ಕಂಪನಿಯ ಕೋವಿಡ್ ಲಸಿಕೆಯ ಪ್ರಯೋಗದಲ್ಲಿ, ಹಿಂದೆ ಫಿಲ್ಲರ್ ಪಡೆದಿದ್ದ ಕೆಲವರ ಮುಖ ಊದಿಕೊಂಡಿದ್ದು ವರದಿಯಾಗಿತ್ತು. ಅದು ಚಿಕಿತ್ಸೆಯಿಂದ ವಾಸಿಯಾಗುವಂಥದ್ದು.

ರಿಯಾಯಿತಿ ದರದ ಆಮಿಷ ಒಡ್ಡುವ ಸೌಂದರ್ಯ ಮಳಿಗೆಗಳಲ್ಲಿ ಇವೆಲ್ಲವನ್ನೂ ನಿಭಾಯಿಸುವವರು ಯಾರು? ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಚಿಕಿತ್ಸಾಲಯಗಳು ನೋಂದಾಯಿಸಿಕೊಳ್ಳುವುದು ಕಡ್ಡಾಯ. ಅದನ್ನು ವಿಚಾರಿಸಲು ಸಂಕೋಚ ಬೇಕಿಲ್ಲ. ಸೂಜಿಯಿಲ್ಲದೆ ಫಿಲ್ಲರ್ ತೂರಿಸುವ ಪೆನ್ನಿನಾಕಾರದ ಉಪಕರಣಗಳನ್ನು ಬಳಸಬಾರದೆಂದು 2021ರಲ್ಲೇ ಅಮೆರಿಕದ ಆಡಳಿತ ತಿಳಿಸಿದೆ. ದ್ರವರೂಪದ ಸಿಲಿಕೋನ್ ಅನ್ನು ಕರಗಿಸುವ ಔಷಧವೇ ಇಲ್ಲ.

ಸಿರಿಂಜ್ ತೆರೆಯುವ ಮುನ್ನ ಎರಡು ಪ್ರಶ್ನೆ ಕೇಳಬಹುದು: ಹೈಯಲುರಾನಿಡೇಸ್ ಇಲ್ಲಿಯೇ ಲಭ್ಯವಿದೆಯೇ? ರಾತ್ರಿ ತೊಂದರೆಯಾದರೆ ಯಾರಿಗೆ ದೂರವಾಣಿ ಮಾಡಬೇಕು? ಫಿಲ್ಲರ್‌ನ ಹೆಸರು ಮತ್ತು ಬ್ಯಾಚ್ ಸಂಖ್ಯೆಯ ಚೀಟಿಯನ್ನೂ ಪಡೆದಿಟ್ಟುಕೊಳ್ಳಬೇಕು. ಮುಂದೊಂದು ದಿನ ಬೇರೊಬ್ಬ ವೈದ್ಯರ ಬಳಿ ಹೋಗಬೇಕಾಗಿ ಬಂದಾಗ, ಒಳಗಿರುವುದು ಕರಗುವ ವಸ್ತುವೋ ಅಲ್ಲವೋ ಎಂಬುದನ್ನು ಅವರು ಆ ಚೀಟಿ ನೋಡಿಯೇ ತಿಳಿಯಬೇಕಾಗುತ್ತದೆ.