ದೇವರ ಜಗುಲಿಯ ಕಲ್ಲಚ್ಚು ಚಿತ್ರಗಳು

ಬಸವಕಲ್ಯಾಣವೆಂದೊಡನೆ ಚಾಲುಕ್ಯರ ರಾಜಧಾನಿಯೂ ಬಸವಣ್ಣನವರೂ ನೆನಪಿಗೆ ಬರುತ್ತಾರೆ. ಹುಮನಾಬಾದೆಂದರೆ ಸಮೀಪದ ಮಾಣಿಕನಗರದ ಮಾಣಿಕಪ್ರಭುಗಳ ಸಂಸ್ಥಾನ. ಆದರೆ ಈ ಊರುಗಳ ಹಳೆಯ ಮನೆಗಳಲ್ಲಿ, ದೇವರ ಜಗುಲಿಯ ಮೇಲೆ, ಧೂಪದ ಹೊಗೆ ಹಿಡಿದ ಗಾಜಿನ ಹಿಂದೆ ಮತ್ತೊಂದು ಸಂಪತ್ತು ಅಡಗಿರಬಹುದೆಂಬುದನ್ನು ಬಲ್ಲವರು ವಿರಳ. ಅದುವೇ ಹಳೆಯ ಕಲ್ಲಚ್ಚಿನ ಚಿತ್ರ.

ಯೂರೋಪಿನಲ್ಲಿ ಡ್ಯೂರರ್, ರೆಂಬ್ರಾಂಟ್ ಮೊದಲಾದ ಮಹಾಕಲಾವಿದರ ಅಚ್ಚಿನ ಚಿತ್ರಗಳನ್ನು ಸಂಗ್ರಹಿಸುವ ಹವ್ಯಾಸ ಶತಮಾನಗಳಷ್ಟು ಹಳೆಯದು. ವರ್ಣಚಿತ್ರ ಸಿರಿವಂತನ ಗೋಡೆಯನ್ನು ಸೇರಿದರೆ, ಅದರ ಅಚ್ಚಿನ ತಮ್ಮ ಸಾಮಾನ್ಯನ ಕೈಗೂ ಎಟುಕುತ್ತಿತ್ತು. ನಮ್ಮ ದೇಶದಲ್ಲಿ ಇಂಥ ಕಾರ್ಯವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡವರು ರಾಜಾ ರವಿವರ್ಮರು (೧೮೪೮–೧೯೦೬). ಬರೋಡೆ, ಮೈಸೂರು ಅರಮನೆಗಳಿಗೆ ಚಿತ್ರಗಳನ್ನು ರಚಿಸಿದ ಅವರು ೧೮೯೪ರಲ್ಲಿ ಮುಂಬಯಿಯ ಘಾಟಕೋಪರದಲ್ಲಿ ಮುದ್ರಣಾಲಯವೊಂದನ್ನು ತೆರೆದರು. ಅದು ಮುಂದೆ ಲೋಣಾವಳದ ಬಳಿಯ ಮಾಳವಲಿಗೆ ಸ್ಥಳಾಂತರಗೊಂಡು, ಜರ್ಮನಿಯ ಫ್ರಿಟ್ಸ್ ಶ್ಲೈಶರನ ಒಡೆತನಕ್ಕೆ ಸೇರಿತು. ಭಾರತೀಯ ಚಲನಚಿತ್ರದ ಪಿತಾಮಹ ದಾದಾಸಾಹೇಬ ಫಾಲ್ಕೆಯವರೂ ಕೆಲಕಾಲ ಅಲ್ಲಿ ದುಡಿದವರೇ.

ಕಲ್ಲಚ್ಚಿನ ರಹಸ್ಯ ಸರಳವಾದುದು. ಎಣ್ಣೆಗೂ ನೀರಿಗೂ ಎಣ್ಣೆ-ಸೀಗೆಯ ಸಂಬಂಧ. ನುಣುಪಾದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ನೀರು ಸವರಿದರೆ, ಬರೆದ ಜಾಗ ಮಾತ್ರ ಮುದ್ರಣದ ಮಸಿಯನ್ನು ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಒಂದೇ ಕಾಗದ ಅವೆಲ್ಲದರ ಮೇಲೂ ಹಾಯ್ದು ಬರಬೇಕು. ಕಾಗದ ಕೂದಲೆಳೆಯಷ್ಟು ಜರುಗಿದರೂ ಲಕ್ಷ್ಮಿಯ ತುಟಿಯ ಕೆಂಪು ಗಲ್ಲಕ್ಕಿಳಿಯುವುದು!

೧೯೫೬ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಗೆ ಸೊಲ್ಲಾಪುರದ ಹಾದಿ ಹತ್ತಿರ. ಆ ಹಾದಿಯ ಆಚೆಗೆ ಪುಣೆ, ಮುಂಬಯಿ. ಅಲ್ಲಿನ ಅಚ್ಚುಕೂಟಗಳ ದೇವತೆಗಳು ಇಲ್ಲಿಯ ಮನೆಗಳಿಗೆ ಅಪರಿಚಿತರಾಗಿ ಉಳಿಯಲಿಲ್ಲ. ನೆರೆಯ ಕಲಬುರ್ಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು (೧೯೧೬–೧೯೯೩) ಮುಂದೆ ಮುಂಬಯಿಯಲ್ಲಿ ನೆಲೆಸಿ, ಪೌರಾಣಿಕ ಚಿತ್ರಗಳ ಕ್ಯಾಲೆಂಡರುಗಳಿಂದ ದೇಶಕ್ಕೆಲ್ಲ ಪರಿಚಿತರಾದರು.

ದೇವರ ಪಟ ಮಾಸಿತೆಂದರೆ ಅಶ್ವತ್ಥಕಟ್ಟೆಗೆ ಒರಗಿಸುವುದು ಅಥವಾ ನೀರಿಗೆ ಬಿಡುವುದು ನಮ್ಮಲ್ಲಿ ರೂಢಿ. ಇದು ಅನಾದರವಲ್ಲ, ಪೂಜಿಸಿದ ವಸ್ತು ಕಸದ ಪಾಲಾಗಬಾರದೆಂಬ ಭಕ್ತಿಯೇ ಇದರ ಮೂಲ. ಆದರೆ ರವಿವರ್ಮ ಮುದ್ರಣಾಲಯ ೧೯೭೨ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೀಗಿರುವಾಗ ಕಟ್ಟೆಯ ಮೇಲೆ ಮಳೆಯಲ್ಲಿ ನೆನೆಯುವ ಒಂದೊಂದು ಪಟವೂ ಮತ್ತೆ ದೊರೆಯದ ನಷ್ಟವೇ ಸರಿ.

ಹಳೆಯ ಅಚ್ಚನ್ನು ಗುರುತಿಸುವುದು ಹೇಗೆ? ಚಿತ್ರದ ಅಂಚಿನಲ್ಲಿ ಕಲಾವಿದನ ಇಲ್ಲವೆ ಮುದ್ರಣಾಲಯದ ಹೆಸರಿದೆಯೇ ನೋಡಿರಿ. ಭೂತಗನ್ನಡಿ ಹಿಡಿದಾಗ ಕಲ್ಲಚ್ಚಿನ ಚುಕ್ಕೆಗಳು ಮರಳು ಚೆಲ್ಲಿದಂತೆ ಅಡ್ಡಾದಿಡ್ಡಿಯಾಗಿ ತೋರುತ್ತವೆ. ಈಚಿನ ಆಫ್‌ಸೆಟ್ ಮುದ್ರಣದಲ್ಲಿ ಅವು ಸಾಲಾಗಿ, ಕ್ರಮಬದ್ಧವಾಗಿರುತ್ತವೆ. ಕೆಲವು ಪಟಗಳಲ್ಲಿ ದೇವಿಯ ಸೀರೆಗೆ ಜರಿಯನ್ನೂ ಮಣಿಗಳನ್ನೂ ಅಂಟಿಸಿರುವುದುಂಟು. ಅದು ಮನೆಯ ಹೆಣ್ಣುಮಕ್ಕಳ ಕೈಕೆಲಸವೂ ಆಗಿರಬಹುದು; ಕಿತ್ತುಹಾಕಬೇಡಿರಿ.

ಪಟವನ್ನು ಬಿಸಿಲು ಬೀಳುವ ಗೋಡೆಗೂ ತೇವದ ಗೋಡೆಗೂ ತೂಗುಹಾಕಬಾರದು. ಹರಿದೆಡೆಗೆ ಅಂಟುಪಟ್ಟಿ ಹಚ್ಚಬಾರದು, ಲ್ಯಾಮಿನೇಷನ್ ಮಾಡಿಸಲೇಬಾರದು. ಗಾಜು ಚಿತ್ರಕ್ಕೆ ತಾಗದಂತೆ ಒಳಗೆ ಆಮ್ಲರಹಿತ ರಟ್ಟಿನ ಅಂಚು ಕೊಡಿಸಿರಿ.

ಸಂಗ್ರಹಕಾರನಿಗೆ ಅದು ಕಲೆ, ಅಜ್ಜಿಗೆ ಅದು ದೇವರು. ಇವೆರಡಕ್ಕೆ ಜಗಳವೇನೂ ಇರಬೇಕಾಗಿಲ್ಲ. ಪಟ ಜಗುಲಿಯ ಮೇಲಿದ್ದೇ ಕ್ಷೇಮವಾಗಿರಬಲ್ಲದು. ದೀಪವನ್ನು ಮಾತ್ರ ಕೊಂಚ ದೂರಕ್ಕೆ ಸರಿಸಿದರಾಯಿತು. ಅದನ್ನು ಯಾರು ತಂದರು, ಯಾವ ಊರಿನಿಂದ, ಯಾವ ಮದುವೆಗೆ ಅಥವಾ ಗೃಹಪ್ರವೇಶಕ್ಕೆ ಎಂಬುದನ್ನು ಹಿರಿಯರಿರುವಾಗಲೇ ಕೇಳಿ, ಬೇರೊಂದು ಚೀಟಿಯಲ್ಲಿ ಬರೆದಿಡಿರಿ. ಪಟದ ಅರ್ಧ ಬೆಲೆ ಆ ಚೀಟಿಯಲ್ಲಿದೆ.