ರಣರಂಗದಲ್ಲಿ ಸೋತು ಗೆದ್ದವರು

1968ರ ಜನವರಿ 31ರ ನಸುಕು. ವಿಯೆಟ್ನಾಮಿನಲ್ಲಿ ‘ಟೆಟ್’ ಹಬ್ಬ. ಅದು ಅಲ್ಲಿನವರ ಹೊಸ ವರ್ಷ. ಇದ್ದಕ್ಕಿದ್ದಂತೆ ಸೈಗಾನಿನ ಅಮೆರಿಕನ್ ರಾಯಭಾರ ಕಚೇರಿಯ ಕಾಂಪೌಂಡ್ ಗೋಡೆ ಸಿಡಿಯಿತು. ವಿಯೆಟ್‌ಕಾಂಗ್ ಗೆರಿಲ್ಲಾಗಳು ಒಳನುಗ್ಗಿದರು. ಅವರಿದ್ದದ್ದು ಕೇವಲ 19 ಮಂದಿ!

ಮುಖ್ಯ ಕಟ್ಟಡದೊಳಗೆ ಕಾಲಿಡಲು ಅವರಿಂದಾಗಲಿಲ್ಲ. ಕೆಲವೇ ತಾಸುಗಳಲ್ಲಿ ಕಾದಾಟ ಮುಗಿಯಿತು. ಅದೇ ದಿನಗಳಲ್ಲಿ ದಕ್ಷಿಣ ವಿಯೆಟ್ನಾಮಿನ ನೂರಕ್ಕೂ ಹೆಚ್ಚು ಊರುಗಳ ಮೇಲೆ ಗೆರಿಲ್ಲಾಗಳೂ ಉತ್ತರ ವಿಯೆಟ್ನಾಮಿನ ಸೈನಿಕರೂ ಎರಗಿದ್ದರು. ಹುಯೆ ನಗರವೊಂದರಲ್ಲೇ ಸುಮಾರು ನಾಲ್ಕು ವಾರ ಕದನ ನಡೆಯಿತು. ಆದರೂ ನಗರಗಳು ಅವರ ಕೈಯಲ್ಲಿ ಉಳಿಯಲಿಲ್ಲ. ಜನ ದಂಗೆಯೇಳುತ್ತಾರೆಂಬ ಅವರ ನಿರೀಕ್ಷೆಯೂ ಹುಸಿಯಾಯಿತು. ಸತ್ತವರು ಸಾವಿರಾರು. ಸೇನಾ ಲೆಕ್ಕದಲ್ಲಿ ಇದು ಸ್ಪಷ್ಟ ಸೋಲು.

ಹಾಗಾದರೆ ಅಮೆರಿಕದ ಜನ ಸಂಭ್ರಮಿಸಬೇಕಿತ್ತಲ್ಲವೆ? ಆದದ್ದು ಬೇರೆ.

ಎರಡೇ ತಿಂಗಳ ಹಿಂದೆ, 1967ರ ನವೆಂಬರಿನಲ್ಲಿ, ಸೇನಾಧಿಪತಿ ವೆಸ್ಟ್‌ಮೋರ್‌ಲ್ಯಾಂಡ್ ವಾಷಿಂಗ್ಟನ್ನಿಗೆ ಬಂದು, ಯುದ್ಧದ ಕೊನೆ ಕಣ್ಣಿಗೆ ಕಾಣತೊಡಗಿದೆ ಎಂಬ ಭರವಸೆ ಕೊಟ್ಟಿದ್ದರು. ಈಗ ರಾತ್ರಿ ಊಟದ ಹೊತ್ತಿಗೆ ಟಿವಿ ಹಾಕಿದರೆ ಕಂಡದ್ದು ತಮ್ಮದೇ ರಾಯಭಾರ ಕಚೇರಿಯ ಅಂಗಳದಲ್ಲಿ ಬಿದ್ದ ಹೆಣಗಳು. ಕೇಳಿದ ಮಾತಿಗೂ ಕಂಡ ನೋಟಕ್ಕೂ ತಾಳೆಯಾಗಲಿಲ್ಲ. ಫೆಬ್ರವರಿ 27ರಂದು ಜನಪ್ರಿಯ ವಾರ್ತಾವಾಚಕ ವಾಲ್ಟರ್ ಕ್ರಾಂಕೈಟ್, ಈ ಯುದ್ಧ ಗೆಲುವೂ ಅಲ್ಲದ ಸೋಲೂ ಅಲ್ಲದ ಬಿಕ್ಕಟ್ಟಿನಲ್ಲಿ ಸಿಲುಕಿದೆ, ಮಾತುಕತೆಯೇ ದಾರಿ ಎಂದರು. ಮಾರ್ಚ್ 31ರಂದು ಅಧ್ಯಕ್ಷ ಜಾನ್ಸನ್ ತಾವು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ಘೋಷಿಸಿದರು.

ಎಲ್ಲವನ್ನೂ ಟಿವಿಯ ತಲೆಗೆ ಕಟ್ಟುವುದು ಸರಿಯಲ್ಲ. ಯುದ್ಧಕ್ಕಿಳಿದದ್ದೇ ತಪ್ಪು ಎನ್ನುವವರ ಸಂಖ್ಯೆ ಟೆಟ್ ದಾಳಿಗೆ ಮೊದಲೇ ಏರುತ್ತಿತ್ತು. ಕಾರಣ ಮನೆಯೊಳಗೇ ಇತ್ತು. 18 ತುಂಬಿದ ಹುಡುಗರು ಕಡ್ಡಾಯ ಸೈನ್ಯಸೇವೆಗೆ ಹೆಸರು ನೋಂದಾಯಿಸಬೇಕಿತ್ತು. ಕಾಲೇಜಿನಲ್ಲಿ ಓದುತ್ತಿದ್ದವರಿಗೆ ತಾತ್ಕಾಲಿಕ ವಿನಾಯಿತಿ ಇತ್ತು. ಕಾಲೇಜಿನ ಮೆಟ್ಟಿಲು ಹತ್ತಲಾಗದ ಬಡವರ ಮಕ್ಕಳಿಗೆ ಅದೂ ಇರಲಿಲ್ಲ. 1968ರಲ್ಲೇ 16 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು.

ಗೆರಿಲ್ಲಾನ ಬಲವಿರುವುದು ಇಲ್ಲಿಯೇ. ಅವನು ದೊಡ್ಡ ಸೈನ್ಯವನ್ನು ಸೋಲಿಸಬೇಕಿಲ್ಲ. ಸೋಲದೆ ಕಾಲ ತಳ್ಳಿದರೆ ಸಾಕು. ‘ಇನ್ನೆಷ್ಟು ದಿನ? ಯಾತಕ್ಕಾಗಿ?’ ಎಂದು ದೂರದ ಊರಿನ ತಾಯಂದಿರೇ ಕೇಳತೊಡಗುತ್ತಾರೆ. 1973ರಲ್ಲಿ ಅಮೆರಿಕದ ಸೇನೆ ಹಿಂದಿರುಗಿತು. 1975ರ ಏಪ್ರಿಲ್ 30ರಂದು ಸೈಗಾನ್ ಉತ್ತರ ವಿಯೆಟ್ನಾಮಿನ ವಶವಾಯಿತು. ಅಷ್ಟರಲ್ಲಿ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ನರೂ ಲಕ್ಷಾಂತರ ವಿಯೆಟ್ನಾಮೀಯರೂ ಪ್ರಾಣ ತೆತ್ತಿದ್ದರು.

ಯುದ್ಧ ಕಷ್ಟದ್ದು ಎಂದು ಸರ್ಕಾರ ಮೊದಲೇ ನಿಜ ಹೇಳಿದ್ದರೆ ಜನ ಅಷ್ಟು ಬೆಚ್ಚುತ್ತಿದ್ದರೆ? ಇತಿಹಾಸದ ಪಾಠ ಓದುವ ಮಕ್ಕಳು ಈ ಪ್ರಶ್ನೆಯನ್ನು ಮನೆಯಲ್ಲಿ ಹಿರಿಯರೊಡನೆ ಚರ್ಚಿಸಬಹುದು.